ಕೋರ್ಟಿಗೆ ಕರೆಯಲು ಹೋದದ್ದು

ಹೊನ್ನಾಳಿಯಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ, ಪಾರ್ಟಿಯವರ ಸಭೆ, ಯಾವುದೇ ಇರಲಿ, ಕಂಬ, ಪರದೆ, ಕುರ್ಚಿ, ಅಡುಗೆಯ ಕೊಳಗ, ಬಾಂಡ್ಲಿ ಬಾಡಿಗೆಗೆ ಕೊಡುತ್ತೇವೆ. ಕಂಬ ನೆಡುವವರು ನಮ್ಮ ಮನೆಯವರು, ಅಂದರೆ ನನ್ನ ಗಂಡ. ಆದರೆ ಅಂಗಡಿ, ಮಿನಿ ಲಾರಿ, ಸಾಲ ಮೂರೂ ನನ್ನ ಹೆಸರಿನಲ್ಲಿ. "ಓದಿದಾಕಿ ಹೆಸರಿಗಿರಲಿ ಬಿಡು, ಬ್ಯಾಂಕಿನೋರು ಮರ್ಯಾದಿ ಕೊಡ್ತಾರೆ" ಎಂದಿದ್ದರು ನಮ್ಮ ಅತ್ತೆ.

ಓದಿದಾಕಿ ಅಂದರೆ ನಾನು. ಗೋವಿನಕೋವಿಯ ನಮ್ಮ ಅಪ್ಪನ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವಳು ನಾನೇ ಮೊದಲು, ಬಿ.ಕಾಂ. ಮುಗಿಸಿದವಳೂ ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಾಟಿಯ ಕಾಲದಲ್ಲಿ ಬೆಳಿಗ್ಗೆ ಗದ್ದೆಗಿಳಿದು, ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಕಾಲೇಜಿನ ಬಸ್ಸು ಹತ್ತುತ್ತಿದ್ದೆ. ಉಗುರಿನ ಸಂದಿಯ ಕೆಸರು ನೋಡಿ ನಕ್ಕ ಹುಡುಗಿಯರೇ ಮರುವರ್ಷ ನನ್ನ ಅಕೌಂಟೆನ್ಸಿ ನೋಟ್ಸು ಕೇಳಿಕೊಂಡು ಬಂದರು. ಕೊಟ್ಟೆ. ಆದರೆ ಸ್ವಲ್ಪ ಕಾಯಿಸಿ ಕೊಟ್ಟೆ.

ಸಾಲ ಹೇಗಾಯಿತು ಎಂದು ಕೇಳುವವರು, ನಡುವೆ ಕುಡಿತವೋ ಇಸ್ಪೀಟೋ ಇದ್ದೇ ಇರಬೇಕು ಎಂಬಂತೆ ಕೇಳುತ್ತಾರೆ. ಅಂಥದ್ದೇನೂ ಇಲ್ಲ. ಸುತ್ತಲಿನ ಊರುಗಳಲ್ಲೆಲ್ಲ ಕಲ್ಯಾಣಮಂಟಪಗಳಾದವು. ಮಂಟಪದವರೇ ಕುರ್ಚಿ, ಪಾತ್ರೆ ಇಟ್ಟುಕೊಂಡರು. ನಾವು ಉಳಿಯಬೇಕಾದರೆ ಹೂವಿನ ಸ್ಟೇಜು, ಬಣ್ಣದ ದೀಪ, ಮದುಮಕ್ಕಳು ನಡೆದು ಬರುವಾಗ ಹೊಗೆ ಬಿಡುವ ಯಂತ್ರ, ಎಲ್ಲ ಬೇಕಿತ್ತು. ಸಾಲ ಮಾಡಿ ತಂದೆವು. ತಂದ ವರ್ಷವೇ ಕೊರೊನಾ ಬಂತು. ಒಂದು ಸೀಸನ್ನು ಹೋಯಿತು, ಇನ್ನೊಂದೂ ಹೋಯಿತು. ಕೊಳಗಗಳು ಗೋದಾಮಿನಲ್ಲಿ ಬೋರಲು ಮಲಗಿದವು. ಬ್ಯಾಂಕಿನ ಕಂತಿಗೆ ಫೈನಾನ್ಸಿನಿಂದ ತಂದೆವು, ಆ ಫೈನಾನ್ಸಿನ ಕಂತಿಗೆ ಇನ್ನೊಂದು ಫೈನಾನ್ಸು. ಅದೂ ಸಾಲದಾದಾಗ ಗೊತ್ತಿದ್ದವರ ಹತ್ತಿರ ಕೈಸಾಲ.

ಮದುವೆಗಳು ಮತ್ತೆ ಶುರುವಾದರೂ ಬಡ್ಡಿಯ ಓಟಕ್ಕೆ ನಮ್ಮ ಕಾಲು ಸಾಲಲಿಲ್ಲ. ಫೈನಾನ್ಸಿನವರು ದಿನಾ ಬಂದು ನಮ್ಮದೇ ಕುರ್ಚಿ ಎಳೆದುಕೊಂಡು ಅಂಗಡಿಯ ಮುಂದೆ ಕೂರುತ್ತಿದ್ದರು. "ಕುರ್ಚಿಗೆ ಬಾಡಿಗೆ ಹಾಕ್ಬ್ಯಾಡಕ್ಕಾ, ಬಡ್ಡಿಯೊಳಗೆ ಹಿಡ್ಕ" ಎಂದು ಒಬ್ಬ ಅಂದರೆ ಉಳಿದವರು ನಗುತ್ತಿದ್ದರು. ಬುಕಿಂಗಿಗೆ ಬಂದವರು ಅವರನ್ನು ನೋಡಿ ಹಾಗೇ ಮುಂದಕ್ಕೆ ಹೋಗುತ್ತಿದ್ದರು.

ಆಗ ನಾನು ವಕೀಲರ ಹತ್ತಿರ ಹೋದೆ. ಕಟ್ಟಲು ಶಕ್ತಿಯಿಲ್ಲ ಎಂದು ಕೋರ್ಟಿನ ಮುಂದೆ ಒಪ್ಪಿಕೊಂಡು, ಇಂತಿಷ್ಟನ್ನು ಇಂತಿಷ್ಟು ಕಾಲದಲ್ಲಿ ತೀರಿಸುತ್ತೇನೆಂದು ಒಂದು ಯೋಜನೆ ಕೊಡುವ ದಾರಿ ಇದೆ ಎಂದು ಅವರು ಹೇಳಿದರು. ಇಂಗ್ಲಿಷರ ಕಾಲದ ಕಾಯಿದೆ. ಪುಸ್ತಕ ಕೇಳಿ ಪಡೆದು ನಾನೇ ಓದಿದೆ. ಕೆಲವು ಸಾಲುಗಳನ್ನು ನಾಲ್ಕಾರು ಸಲ ಓದಬೇಕಾಯಿತು, ಆದರೆ ಓದಿದೆ. ಸಾಲ ಕೊಟ್ಟವರು ಒಪ್ಪಿ ಜಡ್ಜರು ಮಂಜೂರು ಮಾಡಿದರೆ ಬಡ್ಡಿ ಅಲ್ಲಿಗೇ ನಿಲ್ಲುತ್ತದೆ, ಯಾರೂ ಅಂಗಡಿ ಮುಂದೆ ಬಂದು ಕೂರುವ ಹಾಗಿಲ್ಲ. ಒಪ್ಪದಿದ್ದರೆ ಕಂಬ, ಪರದೆ, ಕೊಳಗ, ಲಾರಿ ಎಲ್ಲ ಹರಾಜು. ಹರಾಜಾದರೆ ದುಡಿಯಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ವಕೀಲರು ಅಸಲಿನಲ್ಲಿ ಅರ್ಧ ಕೊಡುತ್ತೇನೆಂದು ಬರೆಯೋಣ ಎಂದರು. ಬೇಡ, ಅಸಲು ಪೂರ್ತಿ, ಬಡ್ಡಿ ಬಿಡಿಸಿ, ಐದು ವರ್ಷ ಕೇಳಿ ಎಂದೆ. ಸೀಸನ್ನಿನ ತಿಂಗಳಲ್ಲಿ ಹೆಚ್ಚು, ಆಷಾಢದಲ್ಲಿ ಕಡಿಮೆ ಕಟ್ಟುವ ಹಾಗೆ ನಾನೇ ಕೂತು ಹಾಕಿಕೊಟ್ಟೆ.

ಮನೆಯಲ್ಲಿ ಅತ್ತೆಗೆ ಸಂಕಟ. "ಪಾಪರ್ ಅಂತ ಕೋರ್ಟ್‌ನಾಗೆ ಬರೆಸ್ಕಂಬಾಕೆ ಡಿಗ್ರಿ ಬೇಕಿತ್ತೇನೆ?"

"ಡಿಗ್ರಿ ಇದ್ದಿದ್ದಕ್ಕೇ ಕೋರ್ಟಿಗೆ ಹೋದ್ವಿ ಅತ್ತೆ. ಇಲ್ದಿದ್ರೆ ಊರು ಬಿಟ್ಟು ಓಡಿಹೋಗ್ತಿದ್ವಿ."

ಅವರು ಮುಂದೆ ಆ ಮಾತು ಎತ್ತಲಿಲ್ಲ.

ಇನ್ನು ಒಪ್ಪಿಗೆಯ ಲೆಕ್ಕ. ಆ ದಿನ ಕೋರ್ಟಿಗೆ ಬಂದವರಲ್ಲಿ ತಲೆ ಎಣಿಕೆಯಲ್ಲಿ ಹೆಚ್ಚು ಜನ ಒಪ್ಪಬೇಕು, ಒಪ್ಪಿದವರ ಬಾಕಿ ಒಟ್ಟಿನಲ್ಲಿ ಮುಕ್ಕಾಲು ಪಾಲಾದರೂ ಇರಬೇಕು. ಬ್ಯಾಂಕಿನದೇ ದೊಡ್ಡ ಪಾಲು, ಅವರು ಒಪ್ಪಿದ್ದರು. ಹಾಗಾಗಿ ಮುಕ್ಕಾಲಿನ ಚಿಂತೆ ಇರಲಿಲ್ಲ. ತಲೆಯದೇ ಚಿಂತೆ. ಎರಡು ಫೈನಾನ್ಸಿನವರು, ಸ್ಟೇಜು ಸಾಮಾನು ಕೊಟ್ಟ ವ್ಯಾಪಾರಿ, ಈ ಮೂವರು ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬ್ಯಾಂಕು ಬಿಟ್ಟರೆ ನನ್ನ ಕಡೆ ಉಳಿದವರು ಕೈಸಾಲ ಕೊಟ್ಟ ಮೂವರು. ನ್ಯಾಮತಿಯಲ್ಲಿರುವ, ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಮದುವೆ ಮನೆಗಳಲ್ಲಿ ನಮ್ಮ ಕೊಳಗಗಳಲ್ಲೇ ಬೇಯಿಸುವ, ಚನ್ನಗಿರಿ ಕಡೆ ಉಬ್ರಾಣಿಯ ಅಡುಗೆ ಕಂಟ್ರಾಕ್ಟರು. ಮತ್ತೆ ಜಗಳೂರಿಗೆ ಕೊಟ್ಟಿರುವ ನನ್ನ ಚಿಕ್ಕಮ್ಮ, ನಮ್ಮವ್ವನ ತಂಗಿ, ಈರುಳ್ಳಿ ಮಾರಿದ ದುಡ್ಡು ಕೊಟ್ಟವಳು. ಮೂವರೂ ಬಂದರೆ ನಮ್ಮ ಕಡೆ ನಾಲ್ಕು, ಆ ಕಡೆ ಮೂರು. ಒಬ್ಬರು ತಪ್ಪಿದರೂ ಸಮ, ಸಮವಾದರೆ ನಾವು ಸೋತಂತೆ.

ಬಾಕಿ ಇಷ್ಟು ಎಂಬ ಕಾಗದಕ್ಕೆ ಮೂವರೂ ಮೊದಲೇ ಸಹಿ ಹಾಕಿಕೊಟ್ಟಿದ್ದರು. ಇನ್ನು ಬರುವುದೊಂದೇ ಬಾಕಿ. ಕೋರ್ಟಿನಿಂದ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಹೋಯಿತು. ಕೆಲಸ ಮುಗಿಯಿತು ಎಂದುಕೊಂಡೆ.

ಆ ವಾರ ನ್ಯಾಮತಿಯಲ್ಲಿ ಒಂದು ನಾಮಕರಣಕ್ಕೆ ಪರದೆ ಕಟ್ಟಿಸುತ್ತಿದ್ದೆ. ಮೇಷ್ಟ್ರು ಆ ದಾರಿಯಲ್ಲೇ ಬಂದರು. ನನ್ನನ್ನು ನೋಡಿಯೂ ನೋಡದವರ ಹಾಗೆ ಹೊರಟರು. ಹಿಂದೆ ಓಡಿದೆ.

"ಮೇಷ್ಟ್ರೇ, ಅವತ್ತು ಬರ್ತೀರಲ್ಲ?"

"ಎಲ್ಲಿಗಮ್ಮಾ?"

"ಕೋರ್ಟಿಗೆ. ನೋಟಿಸು ಬಂದಿರ್ಬೇಕಲ್ಲ?"

"ಬಂತು ಬಂತು. ಪೋಸ್ಟಿನೋನು ಓಣಿ ಮಧ್ಯೆ ನಿಂತ್ಕಂಡು, ಮೇಷ್ಟ್ರೇ, ಕೋರ್ಟಿಂದ ಬಂದೈತೆ, ಸಹಿ ಹಾಕ್ರೀ ಅಂತ ಕೂಗಿದ. ನಮ್ಮನೆಯಾಕಿ ಗಾಬರಿಯಾಗಿ ಹೊಸ್ತಿಲ ಮೇಲೇ ಕೂತ್ಬಿಟ್ಲು. ನನ್ನ ಇಡೀ ಸರ್ವಿಸ್ನಾಗೆ ಒಂದು ಮೆಮೊ ತಗಂಡೋನಲ್ಲ ನಾನು. ದುಡ್ಡು ಬೇಕಾದಾಗ ಮನೀಗೆ ಬಂದೆ, ಚಾ ಕುಡಿದೆ. ಈಗ ಕರಿಯಾಕೆ ಪೋಸ್ಟಾ?"

"ಕಾನೂನು ಹಂಗೈತೆ ಮೇಷ್ಟ್ರೇ. ಕೋರ್ಟಿನೋರೇ ಕಳಿಸೋದು."

"ಹಂಗಾದ್ರೆ ಕೋರ್ಟಿನೋರೇ ಬಂದು ಕರೀಲಿ" ಎಂದು ಛತ್ರಿ ಊರಿಕೊಂಡು ಹೋದರು.

ಮನೆಗೆ ಬಂದು ಉಬ್ರಾಣಿಗೆ ಫೋನು ಮಾಡಿಸಿದೆ. "ಕಾಗದ ಬಂತು, ಒಲೆಗೆ ಹಾಕ್ದೆ" ಎಂದರಂತೆ ಕಂಟ್ರಾಕ್ಟರು. ಜಗಳೂರಿನ ಚಿಕ್ಕಮ್ಮ ಫೋನೇ ಎತ್ತಲಿಲ್ಲ.

ನಮ್ಮ ಕಡೆ ಬಾಯಿಬಿಟ್ಟು ಕರೆಯದೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಒಡಹುಟ್ಟಿದ ಅಣ್ಣನ ಮಗಳ ಮದುವೆಯಾದರೂ ಅಷ್ಟೆ. "ಪತ್ರಿಕೆ ಬಂದಿತ್ತು, ಕರೀಲಿಲ್ಲ" ಎನ್ನುವ ಒಂದೇ ಮಾತಿಗೆ ಎರಡು ತಲೆಮಾರು ಮುಖ ನೋಡದ ಮನೆತನಗಳನ್ನು ನಾನು ಬಲ್ಲೆ. ಅವರಿಗೆ ಶಾಮಿಯಾನ ಹಾಕಿದವರೇ ನಾವು. ಇವರನ್ನೂ ಹೋಗಿ ಕರೆಯಬೇಕು. ಬೇರೆ ದಾರಿಯಿಲ್ಲ.

ವಕೀಲರಿಗೆ ಕೇಳಿದೆ. "ಕರೆಯಬಹುದು. ಆದರೆ ಒಪ್ಪಿಕೊಳ್ಳಿ ಅಂತ ಒಂದು ಮಾತೂ ಆಡಬೇಡಿ. ಆ ಕಡೆಯ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ" ಎಂದು ಎಚ್ಚರಿಸಿದರು.

ಅತ್ತೆಯದು ಬೇರೆ ಚಿಂತೆ. "ಕುಂಕುಮದ ಭರಣಿ ಒಯ್ಯಬ್ಯಾಡ ಮತ್ತೆ. ಇದೇನು ಶುಭಕಾರ್ಯನಾ?"

"ಅಶುಭಾನೂ ಅಲ್ಲವಲ್ಲ ಅತ್ತೆ."

"ಹಂಗಾದ್ರೆ ಬಾಳೆಹಣ್ಣು ಒಯ್ಯಿ. ಬಾಳೆಹಣ್ಣು ಎರಡಕ್ಕೂ ನಡೀತೈತೆ."

ಮೊದಲು ನಾನೂ ನಮ್ಮ ಮನೆಯವರೂ ನ್ಯಾಮತಿಗೆ ಹೋದೆವು. ಮೇಷ್ಟ್ರು ಬಾಗಿಲಲ್ಲೇ ನಮ್ಮಿಬ್ಬರನ್ನು ನೋಡಿ, ಪಡಸಾಲೆಯಲ್ಲಿ ಕೂರಿಸಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಏನೂ ಗೊತ್ತಿಲ್ಲದವರ ಹಾಗೆ, "ಏನಮ್ಮಾ, ಏನು ಸಮಾಚಾರ?" ಎಂದು ಕೇಳಿದರು. ಕರೆಯಲು ಬಂದವರನ್ನು ಹಾಗೆ ಕೇಳುವುದು ರೂಢಿ. ನಾನು ಎದ್ದು ನಿಂತೆ. ಎಷ್ಟೋ ಮದುವೆ ಮನೆಗಳಲ್ಲಿ ಕೇಳಿ ಕೇಳಿ ನಾಲಿಗೆಗೆ ಹತ್ತಿದ ಮಾತು ತಾನಾಗಿ ಬಂದುಬಿಟ್ಟಿತು.

"ಮುಂದಿನ ಸೋಮವಾರ ನನ್ನ ಸಾಲದ ಕೇಸೈತೆ ಮೇಷ್ಟ್ರೇ. ನೀವು ಇಬ್ಬರೂ ಬಂದು ನಡೆಸಿಕೊಡಬೇಕು."

ನಮ್ಮ ಮನೆಯವರು ನೆಲ ನೋಡಿದರು. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಮೇಷ್ಟ್ರು ಮಾತ್ರ ನಗಲಿಲ್ಲ. "ಆಗಲಮ್ಮ, ಬರ್ತೀವಿ" ಎಂದರು. ಹೊರಡುವಾಗ ಆ ತಾಯಿಯೇ ನನಗೆ ಕುಂಕುಮ ಕೊಟ್ಟರು.

ಉಬ್ರಾಣಿಯಲ್ಲಿ ಕಂಟ್ರಾಕ್ಟರು ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ, "ಬಾ ತಾಯಿ, ಬಾ. ನಿನ್ನ ಕಾಗದ ಚೆನ್ನಾಗಿ ಉರೀತು" ಎಂದರು.

"ತಪ್ಪಾಯ್ತಣ್ಣ. ಅದಕ್ಕೇ ಕರಿಯಾಕೆ ಬಂದೀವಿ."

"ಊಟ ಏನಿಟ್ಟೀಯ ಅವತ್ತು?"

"ಕೋರ್ಟ್‌ನಾಗೆ ಊಟ ಎಲ್ಲಿಂದ ಬರಬೇಕಣ್ಣ?"

"ನೋಡಪಾ, ಊಟ ಇಲ್ಲದ ಕಾರ್ಯಕ್ಕೆ ಅಡುಗೆಯೋನ್ನ ಕರೀತಾಳೆ!" ಎಂದು ನಮ್ಮ ಮನೆಯವರ ಬೆನ್ನಿಗೊಂದು ಹೊಡೆದರು. ಬರುತ್ತೇನೆ ಎಂದು ಬಾಯಲ್ಲಿ ಹೇಳಲಿಲ್ಲ. ಆದರೆ ಬಿಡಿಸಿದ ಬೆಳ್ಳುಳ್ಳಿ ಒಂದು ಹಿಡಿ ನನ್ನ ಮಡಿಲಿಗೆ ಹಾಕಿದರು. ಬರುತ್ತಾರೆ ಎಂದು ಗೊತ್ತಾಯಿತು.

ಜಗಳೂರಿಗೆ ನಾನೊಬ್ಬಳೇ ಹೋದೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ, ಮೆಕ್ಕೆಜೋಳದ ಹೊಲಗಳ ನಡುವೆ ಹೋಗಿ ಇಳಿದೆ. ಚಿಕ್ಕಮ್ಮ ನೀರು ಕೊಟ್ಟಳು, ರೊಟ್ಟಿ ಹಾಕಿದಳು, ಮಾತು ಮಾತ್ರ ಕೊಡಲಿಲ್ಲ. ಉಣ್ಣುತ್ತಾ ಈರುಳ್ಳಿ ರೇಟಿನ ಮಾತು ತೆಗೆದೆ. ಅದಕ್ಕಷ್ಟೇ ಉತ್ತರ ಬಂತು. ಕೊನೆಗೆ, "ಸೋಮವಾರ ಬರ್ಬೇಕು ಚಿಕ್ಕಮ್ಮ" ಎಂದೆ.

ಅವಳು ತಟ್ಟೆ ಎತ್ತಿಕೊಂಡಳು. "ಅಕ್ಕನ ಮಗಳು ಅಂತ ಕೊಟ್ಟೆ. ಈಗ ನನ್ನ ಹೆಸರನ್ನ ಜವಾನ ಕೂಗ್ತಾನಂತೆ, ಎಲ್ಲರ ಮುಂದೆ, ಕಳ್ಳರನ್ನ ಕೂಗಿದಂಗೆ. ಈ ಓಣೀಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಕಣೆ."

ಕೂಗುವುದಂತೂ ನಿಜ. "ಬಾ ಚಿಕ್ಕಮ್ಮ" ಎಂದು ಇನ್ನೊಂದು ಸಲ ಅಂದೆ.

"ನೋಡಾನ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ನೋಡಾನವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬರುತ್ತೇನೆ ಅಂತಲೋ, ಇಲ್ಲ ಅಂತಲೋ, ತಿಳಿಯಲಿಲ್ಲ.

ಸೋಮವಾರ ಕೋರ್ಟಿನ ಆವರಣದಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನಿಂತಿದ್ದರು. ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದರು. ಕಂಟ್ರಾಕ್ಟರು ಶಲ್ಯ ಹಾಕಿಕೊಂಡು ಬಂದಿದ್ದರು. ಬೇವಿನ ಮರದ ಕಟ್ಟೆಯ ಮೇಲೆ, ಎಲ್ಲರಿಗೂ ಬೆನ್ನು ಹಾಕಿ, ಚಿಕ್ಕಮ್ಮ ಕೂತಿದ್ದಳು. ಹತ್ತಿರ ಹೋಗುವಷ್ಟರಲ್ಲಿ ವಕೀಲರು ಒಳಗೆ ಕರೆದರು.

ನಮ್ಮ ಕೇಸು ಬಂತು. ಜವಾನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗಿದ. ಬ್ಯಾಂಕಿನ ವಕೀಲರು, ಫೈನಾನ್ಸಿನ ವಕೀಲರು, ಸ್ಟೇಜಿನ ವ್ಯಾಪಾರಿ ಎದ್ದು ನಿಂತರು. ಮೇಷ್ಟ್ರು ಬಂದರು, ಕಂಟ್ರಾಕ್ಟರು ಬಂದರು. ಚಿಕ್ಕಮ್ಮನ ಹೆಸರು ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಕಿಟಕಿಯಿಂದ ನೋಡಿದರೆ ಕಟ್ಟೆಯ ಮೇಲೆ ಬೆನ್ನು ಹಾಗೇ ಇದೆ, ಅಲುಗಾಡುತ್ತಿಲ್ಲ.

"ಗೈರುಹಾಜರಿ ಎಂದು ಬರೆದುಕೊಳ್ಳಬಹುದು" ಎಂದರು ಫೈನಾನ್ಸಿನ ವಕೀಲರು.

ನಾನು ಕೈ ಮುಗಿದೆ. "ಸ್ವಾಮಿ, ಹೊರಗೇ ಕೂತಿದ್ದಾರೆ. ಹೋಗಿ ಕರ್ಕಂಡು ಬರ್ತೀನಿ." ಜಡ್ಜರು ಕನ್ನಡಕದ ಮೇಲಿಂದ ನೋಡಿ, ಬೇಗ ಎಂದರು.

ಓಡಿದೆ. "ಚಿಕ್ಕಮ್ಮಾ, ಹೆಸರು ಕೂಗಿದ್ದು ಕೇಳಲಿಲ್ವಾ?"

"ಕೂಗಿದ್ದು ಕೇಳ್ತು. ಕರೆದಿದ್ದು ಕೇಳಲಿಲ್ಲ."

ಊಟಕ್ಕೆ ಎಲೆ ಹಾಕಿದ ಮೇಲೂ ಮನೆಯವರು ಬಂದು ಏಳಿ ಅನ್ನದೆ ಬೀಗರು ಏಳುತ್ತಾರೆಯೇ? ಸೆರಗು ಸರಿಮಾಡಿಕೊಂಡು, ಬಗ್ಗಿ, ಅವಳ ಕೈ ಹಿಡಿದೆ. "ಏಳು ಚಿಕ್ಕಮ್ಮ, ಒಳಗೆ ಬಾ."

ಎದ್ದಳು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. ಬೇಡ ಎಂದರೂ ಕೇಳಲಿಲ್ಲ.

ಒಳಗೆ ಫೈನಾನ್ಸಿನ ವಕೀಲರು ಕಾದಿದ್ದರು. "ಸಾಲಗಾರ್ತಿ ಮನೆಮನೆಗೆ ಹೋಗಿ ಸಾಲ ಕೊಟ್ಟ ಇವರ ಮೇಲೆ ಒತ್ತಡ ಹಾಕಿದ್ದಾರೆ" ಎಂದರು. ಹೋದದ್ದು ಸುಳ್ಳಲ್ಲವಲ್ಲ! ಜಡ್ಜರು ಚಿಕ್ಕಮ್ಮನ ಕಡೆ ತಿರುಗಿದರು.

"ಇವರು ನಿಮ್ಮ ಮನೆಗೆ ಬಂದಿದ್ದರೇ?"

"ಬಂದಿದ್ಲು."

"ಏನು ಹೇಳಿದರು?"

"ಬಾ ಅಂದ್ಲು."

"ಇದಕ್ಕೆ ಒಪ್ಪಿಕೋ ಎಂದು ಹೇಳಿದರೇ?"

"ಒಪ್ಕೋ ಅನ್ನಾಕೆ ಅವಳಿಗೆ ಬಾಯಿ ಎಲ್ಲೈತೆ ಸ್ವಾಮಿ? ರೊಟ್ಟಿ ತಿಂದ್ಲು, ಈರುಳ್ಳಿ ರೇಟು ಕೇಳಿದ್ಲು, ಹೋದ್ಲು."

ಹಿಂದೆ ಯಾರೋ ನಕ್ಕರು. ಜಡ್ಜರು ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. "ಹಾಗಾದರೆ ನೀವು ಒಪ್ಪುತ್ತೀರೋ, ಇಲ್ಲವೋ?"

"ಬಡ್ಡಿಗೆ ಅಂತ ಕೊಟ್ಟೋಳಲ್ಲ ನಾನು. ಅಸಲು ಕೊಡ್ತೀನಿ ಅಂತಾಳೆ, ನಿಧಾನಕ್ಕೆ ಕೊಡಲಿ. ಅವಳ ಸಾಮಾನು ಕಿತ್ಕಂಡು ಮಾರಿದ್ರೆ ಇವರಿಗೇನು ಸಿಗ್ತೈತೆ, ತೂತು ಪರದೆ?"

ತೂತು ಪರದೆ ಎಂದದ್ದಕ್ಕೆ ನಮ್ಮ ಮನೆಯವರು ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾರೆ.

ನಾಲ್ಕಕ್ಕೆ ಮೂರು ಎಂದು ದಾಖಲಾಯಿತು. ಆದೇಶ ಇನ್ನೊಂದು ದಿನಕ್ಕೆ ಎಂದರು. ಹೊರಗೆ ಬಂದಾಗ ಎಲ್ಲರಿಗೂ ಹಸಿವು. ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ನಾನು ದುಡ್ಡು ತೆಗೆಯಲು ಹೋದರೆ ಕಂಟ್ರಾಕ್ಟರು ಕೈ ಅಡ್ಡ ಹಾಕಿದರು. "ಬ್ಯಾಡ ತಾಯಿ, ನಮ್ಮ ದುಡ್ಡಿನಾಗೇ ನಮಗೆ ತಿನ್ನಿಸಬ್ಯಾಡ" ಎಂದು ತಾವೇ ಕೊಟ್ಟರು. ಮೇಷ್ಟ್ರು ಮಂಡಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕರು.

ಕೆಲವು ವಾರ ಕಳೆದು ಆದೇಶ ಬಂತು. ಮಂಜೂರು. ವಕೀಲರು ಫೋನಿನಲ್ಲಿ ಹೇಳಿದಾಗ ಗೋದಾಮಿನಲ್ಲಿದ್ದೆ. ಸಂತೋಷ ಅನ್ನಲಾರೆ. ಭಾರದ ಮೂಟೆ ಇಳಿಸಿದ ಮೇಲೆ ಹೆಗಲು ಸ್ವಲ್ಪ ಹೊತ್ತು ತಾನಾಗಿ ಮೇಲೇಳುತ್ತದಲ್ಲ, ಹಾಗಾಯಿತು. ನಮ್ಮ ಮನೆಯವರಿಗೆ ಹೇಳಿದೆ. ಅವರು ಬೋರಲಿದ್ದ ಕೊಳಗಗಳನ್ನು ಒಂದೊಂದಾಗಿ ಎತ್ತಿ ಹುಣಸೆಹಣ್ಣು ಹಚ್ಚಿ ಉಜ್ಜತೊಡಗಿದರು. ಮರುದಿನ ಅಂಗಡಿಯ ಮುಂದಿನ ಕುರ್ಚಿಗಳು ಖಾಲಿ ಇದ್ದವು. ಊರಲ್ಲಿ ಈಗಲೂ ಕೆಲವರು ಪಾಪರ್ ಅಂಗಡಿ ಎನ್ನುತ್ತಾರೆ. ಅನ್ನಲಿ. ನಾನು ಓಡಿಹೋಗಲಿಲ್ಲ, ಯಾರ ಅಸಲೂ ನುಂಗಲಿಲ್ಲ, ಕಾಯಿದೆ ಓದಿ ಕಾಯಿದೆಯ ದಾರಿಯಲ್ಲೇ ನಡೆದೆ. ಡಿಗ್ರಿ ಕೊಟ್ಟ ದಿನಕ್ಕಿಂತ ಈ ಆದೇಶದ ದಿನ ನನಗೆ ದೊಡ್ಡದು.

ಈಗ ಅರ್ಧಕ್ಕಿಂತ ಹೆಚ್ಚು ಕಟ್ಟಿಯಾಗಿದೆ. ಕಂತನ್ನು ಕೋರ್ಟು ನೇಮಿಸಿದವರ ಕೈಗೆ ಕಟ್ಟುತ್ತೇವೆ, ಅವರು ಎಲ್ಲರಿಗೂ ಹಂಚುತ್ತಾರೆ. ಹೋದ ಆಷಾಢದಲ್ಲಿ ಚಿಕ್ಕಮ್ಮ ಫೋನು ಮಾಡಿದಳು. "ತಿಂಗಳಾ ತಿಂಗಳಾ ದುಡ್ಡು ಬರ್ತೈತೆ, ನೀನು ಮಾತ್ರ ಬರಲ್ಲ."

ಕೆಲಸ ಕಡಿಮೆ ಇತ್ತು. ಜಗಳೂರಿಗೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, "ಏನು ಬಂದೆ?"

"ಸುಮ್ನೆ ಬಂದೆ."

ನಂಬಲಿಲ್ಲ. ನಾನು ಪಡಸಾಲೆಯಲ್ಲಿ ಕೂತ ಮೇಲೂ ಇನ್ನೇನಾದರೂ ಕೇಳುತ್ತೇನೇನೋ ಎಂದು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ನಾನು ಕಾಲು ಚಾಚಿ ಗೋಡೆಗೆ ಒರಗಿದೆ. ಆ ಮನೆಯಲ್ಲಿ ಕೇಳುವುದು, ಕರೆಯುವುದು, ಕ್ಷಮೆ ಬೇಡುವುದು ಏನೂ ಇಲ್ಲದೆ ಎಷ್ಟೋ ವರ್ಷದ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವಳಿಗೂ ಅದು ಅರ್ಥವಾಯಿತು ಅಂತ ಕಾಣುತ್ತದೆ.

"ಸುಮ್ನೆ ಬಂದಿದ್ರೆ ಒಳಗೆ ಬಾ, ಹಿಟ್ಟು ಕಲಸು" ಎಂದಳು.